ಸಮುದ್ರದ ನಿವಹಜೀವಿಗಳು: ದ್ವೀಪಗಳ ಸುತ್ತಲಿನ ಒಂದು ಗಣತಿಯ ಪಾಠ

ಮುಂಬೈಯಿಂದ ವಾಶಿಗೆ ಹೋಗುವವರು ಥಾಣೆ ಖಾಡಿಯನ್ನು ದಾಟಿಯೇ ಹೋಗಬೇಕು. ಇಲ್ಲಿ 1973ರಲ್ಲಿ ಮೊದಲ ರಸ್ತೆ ಸೇತುವೆ ಸಂಚಾರಕ್ಕೆ ತೆರೆಯಿತು. 1992ರಲ್ಲಿ ರೈಲು ಮಾರ್ಗವೂ 1997ರಲ್ಲಿ ಎರಡನೆಯ ರಸ್ತೆ ಸೇತುವೆಯೂ ಬಂದವು. ಅಲ್ಲಿಂದೀಚೆಗೆ ಖಾಡಿಯ ನೀರಿನಲ್ಲಿ ಇನ್ನಷ್ಟು ಕಂಬಗಳು ಎದ್ದಿವೆ. ಸಮುದ್ರ ಇಳಿದ ಹೊತ್ತಿನಲ್ಲಿ ಈ ಕಂಬಗಳನ್ನು ನೋಡಿದರೆ, ನೀರು ಏರಿ ಇಳಿಯುವ ಎತ್ತರದವರೆಗೆ ಕಪ್ಪಾದ, ಒರಟಾದ ಒಂದು ಪಟ್ಟಿ ಕಾಣುತ್ತದೆ. ಪ್ರಯಾಣಿಕರ ಕಣ್ಣಿಗೆ ಅದು ಕೇವಲ ಕೊಳೆ. ಹತ್ತಿರ ಹೋಗಿ ನೋಡಿದವರಿಗೆ ಅದರಲ್ಲಿ ಬಾರ್ನಕಲ್‌ಗಳೂ ಸಿಂಪಿಗಳೂ ಕಾಣುತ್ತವೆ. ಭೂತಗನ್ನಡಿ ಹಿಡಿದು ಇಂತಹ ಕಂಬಗಳನ್ನೂ ಬಂದರಿನ ಕಟ್ಟೆಗಳನ್ನೂ ಪರೀಕ್ಷಿಸುವವರಿಗೆ ಚಿಪ್ಪುಗಳ ನಡುವೆ ಮತ್ತೊಂದು ಲೋಕವೇ ಕಾಣಬಹುದು. ಅಲ್ಲಿ ಕಸೂತಿಯಂತಹ ಬಿಳಿಯ ಪದರಗಳು, ಕೂದಲೆಳೆಯಂತಹ ಪೊದೆಗಳು, ಲೋಳೆಯಂತಹ ಮೆತ್ತನೆಯ ಹಾಸುಗಳು ಇರುತ್ತವೆ. ಇವೆಲ್ಲವೂ ಪ್ರಾಣಿಗಳು.

ಥಾಣೆ ಖಾಡಿಯ ರಾಜಹಂಸಗಳನ್ನು ಇಂದು ಎಲ್ಲರೂ ಬಲ್ಲರು. ಅವುಗಳಿಗಾಗಿ 2015ರಲ್ಲಿ ಇಲ್ಲಿ ಅಭಯಾರಣ್ಯ ಘೋಷಿತವಾಯಿತು. 2022ರಲ್ಲಿ ಈ ಪ್ರದೇಶವು ರಾಮ್ಸಾರ್ ಪಟ್ಟಿಗೂ ಸೇರಿತು. ದೊಡ್ಡದಾಗಿ, ಸುಂದರವಾಗಿ, ಎಣಿಸಲು ಸುಲಭವಾಗಿರುವ ಜೀವಿಗೆ ರಕ್ಷಣೆ ಬೇಗ ದೊರೆಯುತ್ತದೆ. ಕಂಬಕ್ಕೆ ಅಂಟಿದ ಕಸೂತಿಯ ಪದರಕ್ಕೆ ಜನರ ಬಾಯಲ್ಲಿ ಹೆಸರೂ ಇಲ್ಲ, ದಾಖಲೆಯಲ್ಲಿ ಲೆಕ್ಕವೂ ವಿರಳ. ಇಂತಹ ಕಿರುಜೀವಿಗಳನ್ನು ಗುರುತಿಸಿ ಎಣಿಸುವ ಬಗೆ ಯಾವುದು, ಆ ಎಣಿಕೆಯಿಂದ ಏನು ತಿಳಿಯುತ್ತದೆ, ಅದು ಇಲ್ಲದಿದ್ದರೆ ಏನು ನಷ್ಟ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಿವಹ ಎಂದರೇನು?

ಒಂದು ಹಸುವನ್ನು ಒಂದು ಪ್ರಾಣಿಯೆಂದು ಎಣಿಸಲು ನಮಗೆ ಯಾವ ಅನುಮಾನವೂ ಇಲ್ಲ. ಸಮುದ್ರದ ಅನೇಕ ಅಕಶೇರುಕಗಳ ವಿಷಯದಲ್ಲಿ ಇದು ಇಷ್ಟು ಸರಳವಲ್ಲ. ನೀರಿನಲ್ಲಿ ತೇಲುತ್ತಾ ಬಂದ ಒಂದು ಡಿಂಭವು ಬಂಡೆಗೆ ಅಂಟಿಕೊಂಡು ಒಂದು ಪುಟ್ಟ ಜೀವಿಯಾಗುತ್ತದೆ. ಅದರ ಪಕ್ಕದಿಂದ ಮೊಗ್ಗೊಂದು ಮೂಡಿ ಎರಡನೆಯ ಜೀವಿಯಾಗುತ್ತದೆ. ಎರಡು ನಾಲ್ಕಾಗಿ, ನಾಲ್ಕು ನೂರಾಗಿ, ನೂರು ಸಾವಿರವಾಗಿ ಬೆಳೆದರೂ ಅವು ಒಂದರಿಂದೊಂದು ಬೇರ್ಪಡುವುದಿಲ್ಲ. ಹೀಗೆ ಒಂದೇ ಮೂಲದಿಂದ ಹುಟ್ಟಿ, ದೇಹದಿಂದ ದೇಹಕ್ಕೆ ಜೋಡಣೆಗೊಂಡು ಬಾಳುವ ಸಮೂಹಕ್ಕೆ ಜೀವಶಾಸ್ತ್ರದಲ್ಲಿ ನಿವಹ ಎಂದು ಹೆಸರು. ನಿವಹದ ಒಂದೊಂದು ಘಟಕವನ್ನು ಹವಳ ಮತ್ತು ಅದರ ಬಂಧುಗಳಲ್ಲಿ ಪಾಲಿಪ್ ಎಂದೂ ಇತರ ಹಲವು ಗುಂಪುಗಳಲ್ಲಿ ಜೂಯಿಡ್ ಎಂದೂ ಕರೆಯುತ್ತಾರೆ.

ನಿವಹವನ್ನು ಒಂದು ಅವಿಭಕ್ತ ಕುಟುಂಬಕ್ಕೆ ಹೋಲಿಸಬಹುದು. ಒಂದು ಘಟಕ ಹಿಡಿದ ಆಹಾರದ ಸಾರವು ಅನೇಕ ವೇಳೆ ನೆರೆಯ ಘಟಕಗಳಿಗೂ ಹರಿಯುತ್ತದೆ. ಕೆಲವು ಗುಂಪುಗಳಲ್ಲಿ ಕೆಲಸದ ಹಂಚಿಕೆಯೂ ಉಂಟು. ಆಹಾರ ಹಿಡಿಯುವ, ಮರಿಗಳನ್ನು ಪೋಷಿಸುವ, ವೈರಿಗಳನ್ನು ತಡೆಯುವ ಕೆಲಸಗಳಿಗೆ ಬೇರೆಬೇರೆ ರೂಪದ ಘಟಕಗಳೇ ಇರುತ್ತವೆ. ಅಲೆಯ ಹೊಡೆತಕ್ಕೆ ನಿವಹದ ಒಂದು ತುಂಡು ಮುರಿದು ಬಿದ್ದರೆ ಆ ತುಂಡು ಬೇರೆಡೆ ನೆಲೆಯೂರಿ ಹೊಸ ನಿವಹವಾಗಲೂಬಹುದು. ಆದುದರಿಂದ ಇಲ್ಲಿ ‘ಎಷ್ಟು ಪ್ರಾಣಿಗಳು?’ ಎಂಬ ಪ್ರಶ್ನೆಗೆ ನೇರವಾದ ಉತ್ತರವಿಲ್ಲ. ಗಣತಿಯ ಮೊದಲ ಕಷ್ಟ ಇದೇ.

ನಾಲ್ಕು ಮುಖ್ಯ ಗುಂಪುಗಳು

ಮೊದಲನೆಯದು ಹವಳ. ಹವಳದ ಪಾಲಿಪ್ ಸುಣ್ಣದ ಬಟ್ಟಲೊಂದನ್ನು ಕಟ್ಟಿಕೊಂಡು ಅದರೊಳಗೆ ಕುಳಿತಿರುತ್ತದೆ. ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ. ಹೀಗಾಗಿ ಈ ಹವಳಗಳಿಗೆ ಬೆಳಕೂ ತಿಳಿನೀರೂ ಬೇಕು.

ಎರಡನೆಯದು ಹೈಡ್ರಾಯ್ಡ್. ನೋಟಕ್ಕೆ ಗರಿಯಂತೆ, ಜರೀಗಿಡದ ಎಲೆಯಂತೆ ಇರುವ ಇವು ಕುಟುಕು ಕೋಶಗಳುಳ್ಳ ಪ್ರಾಣಿಗಳು. ಮುಳುಗುಗಾರರ ಚರ್ಮಕ್ಕೆ ತಾಗಿದರೆ ಉರಿಯುಂಟುಮಾಡುವ ಬೆಂಕಿಹವಳವು ಹೆಸರಿಗೆ ಹವಳವಾದರೂ ಸಂಬಂಧದಲ್ಲಿ ಹೈಡ್ರಾಯ್ಡ್‌ಗಳಿಗೆ ಹತ್ತಿರದ್ದು.

ಮೂರನೆಯದು ಬ್ರಯೋಜೋವ. ಗ್ರೀಕ್ ಮೂಲದ ಈ ಹೆಸರಿಗೆ ಹಾವಸೆಪ್ರಾಣಿ ಎಂದು ಅರ್ಥ. ಒಂದೊಂದು ಜೂಯಿಡ್ ಸಾಮಾನ್ಯವಾಗಿ ಒಂದು ಮಿಲಿಮೀಟರಿಗೂ ಚಿಕ್ಕದಾದ ಪೆಟ್ಟಿಗೆಯಲ್ಲಿದ್ದು, ಸೂಕ್ಷ್ಮ ಕರಬಳ್ಳಿಗಳ ಕಿರೀಟವನ್ನು ಹೊರಚಾಚಿ ನೀರನ್ನು ಸೋಸುತ್ತದೆ. ಇಂದು ಜೀವಿಸಿರುವ ಬ್ರಯೋಜೋವಗಳಲ್ಲಿ ಸುಮಾರು 6,000 ಪ್ರಭೇದಗಳು ತಿಳಿದಿವೆ. ಕೆಲವು ಪ್ರಭೇದಗಳಲ್ಲಿ ಹಕ್ಕಿಯ ಕೊಕ್ಕಿನಂತೆ ತೆರೆದು ಮುಚ್ಚುವ ಕಾವಲು ಘಟಕಗಳಿದ್ದು, ನಿವಹದ ಮೇಲೆ ಏರಿ ಬರುವ ಕಿರುಜೀವಿಗಳನ್ನು ಹಿಡಿಯುತ್ತವೆ.

ನಾಲ್ಕನೆಯದು ನಿವಹವಾಗಿ ಬೆಳೆಯುವ ಅಸಿಡಿಯನ್‌ಗಳು. ಬಂಡೆಯ ಮೇಲೆ ಲೋಳೆಯ ಹಾಸಿನಂತೆ, ಕೆಲವೊಮ್ಮೆ ನಕ್ಷತ್ರಗಳ ಚಿತ್ತಾರದಂತೆ ಇವು ಹರಡಿರುತ್ತವೆ. ಇವುಗಳ ಡಿಂಭಕ್ಕೆ ಬಾಲವೂ ಬೆನ್ನಿನ ಆಧಾರದಂಡವೂ ಇರುತ್ತವೆ. ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿ ನಮ್ಮಂತಹ ಕಶೇರುಕಗಳಿಗೆ ಅತ್ಯಂತ ಸಮೀಪದ ಬಂಧುಗಳು ಇವೇ ಇರುವ ಗುಂಪಿಗೆ ಸೇರಿದವು.

ದ್ವೀಪಗಳ ಸುತ್ತಲೇ ಏಕೆ?

ವಾಶಿಯ ಬಳಿಯ ಖಾಡಿಯಲ್ಲಿ ತಳವು ಕೆಸರು, ನೀರು ಮಸಕು. ಮಳೆಗಾಲದಲ್ಲಿ ಸಿಹಿನೀರು ತುಂಬಿ ಉಪ್ಪಿನಂಶ ಇಳಿಯುತ್ತದೆ, ಬೇಸಗೆಯಲ್ಲಿ ಮತ್ತೆ ಏರುತ್ತದೆ. ಈ ಏರಿಳಿತವನ್ನು ತಾಳಬಲ್ಲ ಪ್ರಭೇದಗಳಷ್ಟೇ ಅಲ್ಲಿ ಉಳಿಯುತ್ತವೆ. ಕೊಂಕಣ ಮತ್ತು ಕರ್ನಾಟಕದ ಕರಾವಳಿಯುದ್ದಕ್ಕೂ ಇದೇ ಕಾರಣ ಒಂದಲ್ಲ ಒಂದು ಪ್ರಮಾಣದಲ್ಲಿ ಕೆಲಸ ಮಾಡುತ್ತದೆ. ಪಶ್ಚಿಮ ಘಟ್ಟದ ನದಿಗಳು ಮುಂಗಾರಿನಲ್ಲಿ ಹೊತ್ತು ತರುವ ಸಿಹಿನೀರು ಮತ್ತು ಮಣ್ಣಿನಿಂದಾಗಿ ತೀರದಲ್ಲಿ ವಿಶಾಲವಾದ ಹವಳದ ದಿಬ್ಬಗಳು ಬೆಳೆದಿಲ್ಲ. ನಮ್ಮ ದೇಶದ ಮುಖ್ಯ ಹವಳ ಪ್ರದೇಶಗಳು ನಾಲ್ಕು. ಅವು ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿಗಳ ಪ್ರದೇಶ, ಲಕ್ಷದ್ವೀಪ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಸ್ತೋಮ.

ತೀರದಿಂದ ದೂರ ಸರಿದಂತೆ ನೀರು ತಿಳಿಯಾಗುತ್ತದೆ. ಇದನ್ನು ಕಾಣಬಯಸುವ ವಾಶಿಯ ಕನ್ನಡಿಗರು ತಮಗೆ ಪರಿಚಿತವಾದ ದಾರಿಯನ್ನೇ ಹಿಡಿಯಬಹುದು. ನವಿ ಮುಂಬೈಯ ಬೇಲಾಪುರದಲ್ಲಿ ಕೇಂದ್ರ ಕಚೇರಿಯುಳ್ಳ ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಮೇಲೆ ಉತ್ತರ ಕನ್ನಡದ ಮುರ್ಡೇಶ್ವರವು ಒಂದು ರಾತ್ರಿಯ ಪ್ರಯಾಣದ ಊರಾಗಿದೆ. ಮುರ್ಡೇಶ್ವರದ ಕಡಲತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಇದರ ಸುತ್ತ ನೀರಿನಲ್ಲಿ ಮುಳುಗಿರುವ ಕಲ್ಲುಬಂಡೆಗಳ ಮೇಲೆ ಹವಳಗಳು ನೆಲೆಸಿವೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇಲ್ಲಿನ ಜೀವಸಮುದಾಯವನ್ನು ಅಧ್ಯಯನ ಮಾಡಿ 2008ರಲ್ಲಿ ವರದಿ ಪ್ರಕಟಿಸಿದರು. ತೀರಕ್ಕೆ ಇಷ್ಟು ಸಮೀಪದಲ್ಲೇ ಖಾಡಿಗಿಂತ ತೀರ ಭಿನ್ನವಾದ ಜೀವಲೋಕವಿರುವುದು ದ್ವೀಪಗಳ ಮಹತ್ವಕ್ಕೆ ಸಾಕ್ಷಿ.

ದ್ವೀಪವೊಂದರ ಸುತ್ತ ಆವಾಸಗಳ ವೈವಿಧ್ಯವೂ ಹೆಚ್ಚು. ಅಲೆ ಅಪ್ಪಳಿಸುವ ಮಗ್ಗುಲು, ಶಾಂತವಾದ ಮಗ್ಗುಲು, ಬೆಳಕಿನ ಬಂಡೆ, ಕತ್ತಲೆಯ ಬಿರುಕು ಇವೆಲ್ಲ ಕೆಲವೇ ನೂರು ಮೀಟರುಗಳ ಅಂತರದಲ್ಲಿರುತ್ತವೆ. ಬೆಳಕಿರುವಲ್ಲಿ ಹವಳ ಬೆಳೆದರೆ, ಅದೇ ಹವಳದ ಅಡಿಯ ನೆರಳಿನಲ್ಲಿ ಬ್ರಯೋಜೋವವೂ ಅಸಿಡಿಯನ್ನೂ ಜಾಗ ಹಿಡಿಯುತ್ತವೆ.

ಸರ್ವೇಕ್ಷಣೆಯ ಕ್ರಮ

ನಮ್ಮ ಪಶ್ಚಿಮ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಂತಹ ಕೆಲಸ ಬಹುತೇಕ ಅಸಾಧ್ಯ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಸರ್ವೇಕ್ಷಣೆ ಆರಂಭವಾಗುತ್ತದೆ. ದ್ವೀಪದ ಬೇರೆಬೇರೆ ಮಗ್ಗುಲುಗಳಲ್ಲಿ, ಬೇರೆಬೇರೆ ಆಳಗಳಲ್ಲಿ ಸ್ಥಳಗಳನ್ನು ಮೊದಲೇ ಗೊತ್ತುಪಡಿಸಿಕೊಳ್ಳುತ್ತಾರೆ. ಚೆನ್ನಾಗಿ ಕಾಣುವ ಜಾಗಗಳನ್ನೇ ಆರಿಸಿಕೊಂಡರೆ ಫಲಿತಾಂಶವು ಸತ್ಯಕ್ಕಿಂತ ಸುಂದರವಾಗಿಬಿಡುತ್ತದೆ.

ಹವಳದಂತಹ ದೊಡ್ಡ ನಿವಹಗಳಿಗೆ ಅಳತೆಪಟ್ಟಿಯ ವಿಧಾನ ಬಳಕೆಯಲ್ಲಿದೆ. ಮುಳುಗುಗಾರರು ತಳದ ಮೇಲೆ ಪಟ್ಟಿಯನ್ನು ಹಾಸಿ, ಅದರ ಕೆಳಗೆ ಜೀವಂತ ಹವಳ ಎಷ್ಟು, ಸತ್ತ ಹವಳ ಎಷ್ಟು, ಮರಳು ಎಷ್ಟು, ಪಾಚಿ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಉದಾಹರಣೆಗೆ, 50 ಮೀಟರ್ ಪಟ್ಟಿಯ ಕೆಳಗೆ ಜೀವಂತ ಹವಳವು ಒಟ್ಟು 18.5 ಮೀಟರಿನಷ್ಟು ಇದ್ದರೆ ಆ ಸ್ಥಳದಲ್ಲಿ ಹವಳದ ಹೊದಿಕೆ ಶೇಕಡಾ 37 ಎಂದಾಯಿತು. ಎಣಿಸಲು ಬಾರದುದನ್ನು ಹೀಗೆ ಅಳೆಯಲಾಗುತ್ತದೆ. ಮತ್ತೊಂದು ವಿಧಾನದಲ್ಲಿ ಒಂದು ಚದರ ಮೀಟರಿನ ಚೌಕಟ್ಟಿಗೆ ದಾರಗಳನ್ನು ಕಟ್ಟಿ ನೂರು ಮನೆಗಳನ್ನಾಗಿ ಮಾಡಿ, ಪ್ರತಿ ಮನೆಯಲ್ಲಿ ಏನಿದೆಯೆಂದು ನೋಡುತ್ತಾರೆ.

ಬ್ರಯೋಜೋವ, ಹೈಡ್ರಾಯ್ಡ್, ಅಸಿಡಿಯನ್‌ಗಳಿಗೆ ಇಷ್ಟು ಸಾಲದು. ಅವುಗಳಿಗಾಗಿ ಕಲ್ಲುಗಳನ್ನು ಮಗುಚಿ, ಸತ್ತ ಚಿಪ್ಪುಗಳ ಒಳಮೈ ನೋಡಿ, ಕಡಲಹುಲ್ಲಿನ ಎಲೆಗಳನ್ನೂ ಪಾಚಿಯ ಕಾಂಡಗಳನ್ನೂ ಪರೀಕ್ಷಿಸಬೇಕು. ಮಗುಚಿದ ಕಲ್ಲನ್ನು ಮೊದಲಿನಂತೆಯೇ ಇಡುವುದು ಈ ಕೆಲಸದ ಒಂದು ಶಿಸ್ತು. ಕಲ್ಲಿನ ಅಡಿಯ ಜೀವಿಗಳು ಬಿಸಿಲಿಗೆ ತೆರೆದುಕೊಂಡರೆ ಸಾಯುತ್ತವೆ. ಕೆಲವೆಡೆ ಹಲಗೆ ಅಥವಾ ಫಲಕಗಳನ್ನು ತಿಂಗಳುಗಟ್ಟಲೆ ನೀರಿನಲ್ಲಿ ತೂಗುಬಿಟ್ಟು, ಯಾವ ಡಿಂಭಗಳು ಬಂದು ನೆಲೆಸುತ್ತವೆಂದು ಗಮನಿಸುತ್ತಾರೆ.

ಮಾದರಿಗಳನ್ನು ಸಂಗ್ರಹಿಸಲು ಸಂಬಂಧಪಟ್ಟ ಅಧಿಕಾರಿಗಳ ಅನುಮತಿ ಬೇಕು. ಜೀವಿಯನ್ನು ನೇರವಾಗಿ ಮದ್ಯಸಾರಕ್ಕೆ ಹಾಕಿದರೆ ಅದು ಮುದುಡಿಕೊಂಡು ಗುರುತು ಸಿಗದಂತಾಗುತ್ತದೆ. ಆದುದರಿಂದ ಮೊದಲು ಪುದೀನ ಸತ್ತ್ವ ಬೆರೆಸಿದ ಸಮುದ್ರದ ನೀರಿನಲ್ಲಿಟ್ಟು ಮಂಪರು ಬರಿಸುತ್ತಾರೆ. ಸೀಸೆಯೊಳಗಿನ ಚೀಟಿಯಲ್ಲಿ ಸ್ಥಳ, ಆಳ, ದಿನಾಂಕ, ಸಂಗ್ರಾಹಕರ ಹೆಸರು ಇವನ್ನು ಪೆನ್ಸಿಲಿನಲ್ಲೇ ಬರೆಯುವುದು ಹಳೆಯ ವಾಡಿಕೆ. ಸಾಮಾನ್ಯ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ. ಚೀಟಿಯಿಲ್ಲದ ಮಾದರಿ ವಿಳಾಸವಿಲ್ಲದ ಕಾಗದದಂತೆ. ಅದರಿಂದ ವಿಜ್ಞಾನಕ್ಕೆ ಉಪಯೋಗ ಅತ್ಯಲ್ಪ.

ಸರ್ವೇಕ್ಷಣೆ ಎಲ್ಲಿಗೆ ಮುಗಿಯುತ್ತದೆ? ಮೊದಲ ದಿನ ಕಂಡದ್ದೆಲ್ಲ ಹೊಸತು. ದಿನ ಕಳೆದಂತೆ ಹೊಸ ಪ್ರಭೇದಗಳು ಸಿಗುವುದು ಕಡಿಮೆಯಾಗುತ್ತಾ ಬರುತ್ತದೆ. ಎಷ್ಟು ಹುಡುಕಿದ ಮೇಲೆ ಎಷ್ಟು ದೊರೆಯಿತು ಎಂಬುದನ್ನೂ ಬರೆದಿಟ್ಟರೆ ಮಾತ್ರ ಪಟ್ಟಿಗೆ ಬೆಲೆ. ಪಟ್ಟಿಯಲ್ಲಿ ಒಂದು ಹೆಸರು ಇಲ್ಲವೆಂದ ಮಾತ್ರಕ್ಕೆ ಆ ಜೀವಿ ಸಮುದ್ರದಲ್ಲಿ ಇಲ್ಲವೆಂದಾಗದು. ‘ಕಂಡಿಲ್ಲ’ ಎಂಬುದಕ್ಕೂ ‘ಇಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಸರ್ವೇಕ್ಷಕರು ಸದಾ ನೆನಪಿನಲ್ಲಿಡಬೇಕು.

ಹೆಸರಿಡುವ ಶ್ರಮ

ಸಂಗ್ರಹಕ್ಕೆ ವಾರಗಳು ಸಾಕು, ಗುರುತಿಸುವಿಕೆಗೆ ವರ್ಷಗಳೇ ಬೇಕಾಗಬಹುದು. ಜೆ. ಸ್ಟ್ಯಾನ್ಲಿ ಗಾರ್ಡಿನರ್ ಅವರ ತಂಡವು 1899–1900ರಲ್ಲಿ ಮಾಲ್ದೀವ್ ಮತ್ತು ಲಕ್ಷದ್ವೀಪಗಳ ಸಮುದ್ರದಲ್ಲಿ ಸಂಗ್ರಹಿಸಿದ ಜೀವಿಗಳನ್ನು ವಿವರಿಸಲು ಅನೇಕ ತಜ್ಞರು ಹಲವು ವರ್ಷ ದುಡಿದರು. ಕಲಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಸಮುದ್ರದ ಬ್ರಯೋಜೋವಗಳನ್ನು ಲಾರಾ ರಾಸ್ಕೋ ಥಾರ್ನ್‌ಲಿ ಎಂಬ ವಿದುಷಿ ಪರಿಶೀಲಿಸಿ 1907ರಲ್ಲಿ ವರದಿ ಪ್ರಕಟಿಸಿದರು. 1916ರಲ್ಲಿ ಸ್ಥಾಪಿತವಾದ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಮೊದಲ ನಿರ್ದೇಶಕ ನೆಲ್ಸನ್ ಅನ್ನಂಡೇಲ್ ಅವರೂ ಹೈಡ್ರಾಯ್ಡ್ ಮತ್ತು ಬ್ರಯೋಜೋವಗಳ ಅಧ್ಯಯನದಲ್ಲಿ ಆಸಕ್ತರಾಗಿದ್ದರು. ಸಿಹಿನೀರಿನ ಸ್ಪಂಜು, ಹೈಡ್ರಾಯ್ಡ್ ಮತ್ತು ಬ್ರಯೋಜೋವಗಳ ಬಗ್ಗೆ ಅವರು ಬರೆದ ಗ್ರಂಥ 1911ರಲ್ಲಿ ಹೊರಬಂದಿತು.

ಹೆಸರು ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ. ಕ್ಯಾರಿಜೋವಾ ರೀಸೀ ಎಂಬ ಮೃದುಹವಳವು ಹವಾಯಿಯ ಪರ್ಲ್ ಹಾರ್ಬರಿನಲ್ಲಿ 1972ರಲ್ಲಿ ಕಂಡುಬಂದಿತು. 2001ರಲ್ಲಿ ಅದು ಮಾವಿ ದ್ವೀಪದ ಬಳಿಯ ಆಳದಲ್ಲಿ ಕಪ್ಪುಹವಳಗಳನ್ನು ಹೊದ್ದು ಕೊಲ್ಲುತ್ತಿರುವುದು ಬೆಳಕಿಗೆ ಬಂದಿತು. ಬಹುಕಾಲ ಇದನ್ನು ಅಟ್ಲಾಂಟಿಕ್ ಸಾಗರದಿಂದ ಬಂದ ಜೀವಿಯೆಂದು ನಂಬಲಾಗಿತ್ತು. ಅನುವಂಶೀಯ ಪರೀಕ್ಷೆಗಳಾದ ಮೇಲೆ ಇದರ ಮೂಲ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ವಲಯವೆಂಬ ಅಭಿಪ್ರಾಯ ಬಲವಾಯಿತು. ಭಾರತದ ಸಮುದ್ರದಲ್ಲೂ ಇದು ಹಲವೆಡೆ ದಾಖಲಾಗಿದೆ. ಹಳೆಯ ಪಟ್ಟಿಗಳು ಎಲ್ಲೆಡೆ ಇದ್ದಿದ್ದರೆ ಯಾವುದು ಸ್ಥಳೀಯ, ಯಾವುದು ಹಡಗಿನ ತಳಕ್ಕೆ ಅಂಟಿ ಬಂದದ್ದು ಎಂಬುದನ್ನು ಹೇಳಲು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಔಷಧಕ್ಕೂ ಮೂಲ

ಕಿರುಜೀವಿಗಳ ಪಟ್ಟಿಯಿಂದ ಜನರಿಗೇನು ಲಾಭ ಎಂದು ಕೇಳುವವರುಂಟು. ಕೆರಿಬಿಯನ್ ಸಮುದ್ರದಲ್ಲಿ ಕಾಂಡ್ಲಾ ಗಿಡಗಳ ಬೇರಿಗೆ ಅಂಟಿ ಬೆಳೆಯುವ ಒಂದು ನಿವಹ ಅಸಿಡಿಯನ್ನಿನಿಂದ ಟ್ರಾಬೆಕ್ಟಿಡಿನ್ ಎಂಬ ರಾಸಾಯನಿಕ ಮೊದಲು ದೊರೆಯಿತು. ಮೃದು ಅಂಗಾಂಶಗಳ ಒಂದು ಬಗೆಯ ಕ್ಯಾನ್ಸರಿನ ಚಿಕಿತ್ಸೆಗೆ ಇದನ್ನು ಯೂರೋಪಿನಲ್ಲಿ 2007ರಲ್ಲೂ ಅಮೆರಿಕದಲ್ಲಿ 2015ರಲ್ಲೂ ಅಂಗೀಕರಿಸಲಾಯಿತು. ಬುಗುಲಾ ನೆರಿಟೀನಾ ಎಂಬ ಬ್ರಯೋಜೋವವು ಲೋಕದ ಅನೇಕ ಬಂದರುಗಳಲ್ಲಿ ಕಟ್ಟೆಗೂ ಹಡಗಿಗೂ ಅಂಟಿಕೊಳ್ಳುವ ಉಪದ್ರವಕಾರಿ. ಅದರಿಂದ ಪಡೆದ ಬ್ರಯೋಸ್ಟ್ಯಾಟಿನ್ ವಸ್ತುವಿನ ಬಗ್ಗೆ ವೈದ್ಯಕೀಯ ಸಂಶೋಧನೆಗಳು ನಡೆದಿವೆ. ಕೆರೆದು ಎಸೆಯುವ ಪದರದಲ್ಲಿ ಏನಡಗಿದೆಯೆಂಬುದು ಅದನ್ನು ಪರೀಕ್ಷಿಸುವವರೆಗೆ ತಿಳಿಯದು.

ಹಳೆಯ ಲೆಕ್ಕ ಹೇಳುವ ಕಥೆ

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾಗಳನ್ನೊಳಗೊಂಡ ಉತ್ತರದ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿತ್ತು. ಮಂಗಳೂರಿನ ಬಂದರಿಗೂ ಈ ದ್ವೀಪಗಳಿಗೂ ತೆಂಗು, ನಾರಿನ ವ್ಯಾಪಾರದ ನಂಟು ಹಳೆಯದು. ಈ ದ್ವೀಪಗಳು ನಿಂತಿರುವುದೇ ಹವಳದ ಪಾಲಿಪ್‌ಗಳು ಕಟ್ಟಿದ ಸುಣ್ಣದ ಬುನಾದಿಯ ಮೇಲೆ. ಸುತ್ತಲಿನ ದಿಬ್ಬವೇ ಅಲೆಗಳ ಬಲವನ್ನು ಮುರಿದು ಜನವಸತಿಯನ್ನು ಕಾಯುತ್ತದೆ.

ಸಮುದ್ರದ ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ಹವಳವು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳುಚುತ್ತದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳುತ್ತದೆ, ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಇಂತಹ ಬಿಳುಚುವಿಕೆ ವ್ಯಾಪಕವಾಗಿ ಸಂಭವಿಸಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕದಮತ್ ಮತ್ತು ಕವರತ್ತಿಗಳಲ್ಲಿ ವರ್ಷಗಳ ಉದ್ದಕ್ಕೂ ಹೊದಿಕೆಯನ್ನು ಅಳೆಯುತ್ತಾ ಬಂದರು. 1998ರಲ್ಲಿ ಸುಮಾರು ಶೇಕಡಾ 37ರಷ್ಟಿದ್ದ ಹವಳದ ಹೊದಿಕೆ 2022ರಲ್ಲಿ ಶೇಕಡಾ 19ರ ಸಮೀಪಕ್ಕೆ ಇಳಿದಿತ್ತು. 24 ವರ್ಷಗಳಲ್ಲಿ ಅರ್ಧದಷ್ಟು ಹೋಯಿತೆಂದು ಇಂದು ನಾವು ಹೇಳಬಲ್ಲೆವಾದರೆ, ಅದಕ್ಕೆ ಮೊದಲ ವರ್ಷದ ಅಳತೆ ಬರಹದಲ್ಲಿ ಉಳಿದದ್ದೇ ಕಾರಣ. ಅದೇ ಹವಳಗಳ ಅಡಿಯಲ್ಲಿದ್ದ ಬ್ರಯೋಜೋವ, ಅಸಿಡಿಯನ್‌ಗಳಿಗೆ ಇಂತಹ ದೀರ್ಘಕಾಲದ ಅಳತೆಗಳು ಬಹಳ ವಿರಳ. ಅಲ್ಲಿ ಆಗಿರಬಹುದಾದ ನಷ್ಟಕ್ಕೆ ಲೆಕ್ಕವೂ ಸಿಗುವುದಿಲ್ಲ.

ಹೆಸರು ಮತ್ತು ಕಾನೂನು

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿಹವಳ, ಕಪ್ಪುಹವಳ, ಬೆಂಕಿಹವಳ, ಕಡಲಬೀಸಣಿಗೆ ಮುಂತಾದವುಗಳನ್ನು ಸೇರಿಸಲಾಯಿತು. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿಯೂ ಹವಳದ ದಿಬ್ಬಗಳಿಗೆ ಅತ್ಯಂತ ಸೂಕ್ಷ್ಮ ಪ್ರದೇಶಗಳ ಸ್ಥಾನವಿದೆ.

ಇದರ ಪರಿಣಾಮವನ್ನು ಮುಂಬೈಯಲ್ಲೇ ಕಾಣಲಾಯಿತು. ಕರಾವಳಿ ರಸ್ತೆಯ ಕಾಮಗಾರಿ ನಡೆದ ವರ್ಲಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲೆ ಹವಳದ ನಿವಹಗಳಿರುವುದು ಸರ್ವೇಕ್ಷಣೆಯಿಂದ ಸ್ಪಷ್ಟವಾಯಿತು. ಅನುಮತಿ ಪಡೆದು, ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ತಜ್ಞರ ನೆರವಿನಿಂದ 18 ನಿವಹಗಳನ್ನು 2020ರ ನವೆಂಬರಿನಲ್ಲಿ ಬೇರೆಡೆಗೆ ಸ್ಥಳಾಂತರಿಸಲಾಯಿತು. ಮಹಾನಗರವೊಂದರ ಬೃಹತ್ ಕಾಮಗಾರಿಯು ಹದಿನೆಂಟು ಪುಟ್ಟ ನಿವಹಗಳಿಗಾಗಿ ಕ್ರಮ ಕೈಗೊಳ್ಳಬೇಕಾಯಿತು. ಸ್ಥಳಾಂತರವು ಮೂಲ ನೆಲೆಗೆ ಸಮನಲ್ಲ ಎಂಬುದು ನಿಜ. ಆದರೂ ಅವುಗಳನ್ನು ಯಾರೋ ನೋಡಿ, ಗುರುತಿಸಿ, ಎಣಿಸಿ ಬರೆದಿದ್ದರಿಂದಲೇ ಕಾನೂನಿನ ಕಣ್ಣಿಗೆ ಅವು ಬಿದ್ದವು. ಅದೇ ಬಂಡೆಗಳ ಮೇಲಿರುವ ಬ್ರಯೋಜೋವ, ಅಸಿಡಿಯನ್‌ಗಳು 2001ರ ಆ ಸೇರ್ಪಡೆಯಲ್ಲಿ ಇರಲಿಲ್ಲ.

ನಾಗರಿಕರ ಪಾಲು

ಪ್ರಭೇದಗಳಿಗೆ ಹೆಸರಿಡುವುದು ತಜ್ಞರ ಕೆಲಸ, ಗಮನಿಸುವುದು ಎಲ್ಲರ ಕೆಲಸ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಸಮುದ್ರ ಹೆಚ್ಚು ಇಳಿಯುತ್ತದೆ. ಆಗ ಬಂಡೆಗಳ ನಡುವಿನ ಹೊಂಡಗಳನ್ನು ಮಕ್ಕಳಿಗೆ ತೋರಿಸಬಹುದು. ಕಂಡದ್ದರ ಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕವನ್ನು ಬರೆದಿಡಬಹುದು. ಜೀವಿಯನ್ನು ಕೀಳಬಾರದು, ಜೀವಂತ ಹವಳದ ಮೇಲೆ ಕಾಲಿಡಬಾರದು, ಹವಳದ ತುಂಡುಗಳನ್ನು ನೆನಪಿನ ವಸ್ತುವೆಂದು ತರಬಾರದು, ಕೊಳ್ಳಲೂಬಾರದು. ನೇತ್ರಾಣಿಗೆ ಹೋಗುವ ದೋಣಿಗಳು ಹವಳವಿರುವ ಬಂಡೆಯ ಮೇಲೆ ಲಂಗರು ಎಸೆಯದಂತೆ ಪ್ರವಾಸಿಗರೂ ಕೇಳಿಕೊಳ್ಳಬಹುದು.

ವಾಶಿಯ ಸೇತುವೆಯ ಕಂಬದಿಂದ ಲಕ್ಷದ್ವೀಪದ ದಿಬ್ಬದವರೆಗೆ ಈ ಜೀವಿಗಳ ಬಾಳಿನ ಕ್ರಮ ಒಂದೇ. ಒಂದು ಡಿಂಭ ಜಾಗ ಹಿಡಿಯುತ್ತದೆ, ಮೊಗ್ಗೊಡೆಯುತ್ತದೆ, ಹತ್ತು ಸಾವಿರವಾಗಿ ಬಂಡೆಯನ್ನು ಹೊದೆಯುತ್ತದೆ. ಅವುಗಳ ಗಣತಿಯೂ ಹಾಗೆಯೇ ಬೆಳೆಯಬೇಕಾದ ಕೆಲಸ. ಒಬ್ಬರು ಒಂದು ಬಂಡೆಯ ಬಗ್ಗೆ ದಿನಾಂಕ ಹಾಕಿ ಬರೆದಿಟ್ಟ ಚೀಟಿಗೆ ಮತ್ತೊಬ್ಬರದು ಸೇರಬೇಕು. ಇಪ್ಪತ್ತು ವರ್ಷಗಳ ನಂತರ ಅದೇ ಬಂಡೆಯ ಮುಂದೆ ನಿಲ್ಲುವವರಿಗೆ ಏನು ಉಳಿದಿದೆ, ಏನು ಹೋಗಿದೆ ಎಂದು ಹೇಳಬಲ್ಲದ್ದು ಆ ಚೀಟಿ ಮಾತ್ರ.